ಬೀರುವಿನ ಬೀಗ ತೆಗೆದ ಮೇಲೆ: ನಾಲ್ಕನೇ ತರಗತಿಯ ಓದು ಮತ್ತು ಶಾಲಾ ಗ್ರಂಥಾಲಯದ ಒಂದು ಪ್ರಕರಣ ಅಧ್ಯಯನ

ತುಮಕೂರು ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿಯಲ್ಲಿ 28 ಮಕ್ಕಳು. ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಒಂದು ಕಬ್ಬಿಣದ ಬೀರು, ಅದರೊಳಗೆ ದಾಸ್ತಾನು ವಹಿಯ ಪ್ರಕಾರ 640 ಪುಸ್ತಕ. ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಪೀರಿಯಡ್ಡಿಗೆ ‘ಗ್ರಂಥಾಲಯ’ ಎಂದು ಬರೆದಿದೆ. ಆ ಹೊತ್ತಿನಲ್ಲಿ ಮಕ್ಕಳು ಉಳಿದುಹೋದ ಗಣಿತದ ಲೆಕ್ಕ ಬರೆಯುತ್ತಾರೆ. ಬೀರುವಿನ ಬೀಗದ ಕೈ ಮೇಜಿನ ಡ್ರಾಯರಿನಲ್ಲೇ ಇರುತ್ತದೆ.

ಇದು ಒಂದು ಊರಿನ, ಒಂದು ಶಾಲೆಯ ವರದಿಯಲ್ಲ. ಹಲವು ಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ತರಗತಿಗೆ ತಂದು ನಿಲ್ಲಿಸಿ ಬರೆದದ್ದು. ಮಕ್ಕಳ ಮತ್ತು ಪುಸ್ತಕಗಳ ಎಣಿಕೆ ಆ ಅಳತೆಗೆ ಹೊಂದಿಸಿದ್ದು, ಅಡಚಣೆಗಳು ಮಾತ್ರ ಎಲ್ಲ ಕಡೆಯವೂ ಹೌದು.

ತರಗತಿ ಶಿಕ್ಷಕಿಯ ಪ್ರಶ್ನೆ ನೇರವಾಗಿತ್ತು: “ಅರ್ಧ ತರಗತಿಗೆ ಓದೋಕೇ ಬರಲ್ಲ. ಪುಸ್ತಕ ಕೊಟ್ಟರೆ ಏನು ಮಾಡ್ತಾರೆ? ಮೊದಲು ಓದು ಕಲೀಲಿ, ಆಮೇಲೆ ಗ್ರಂಥಾಲಯ.” ಈ ಮಾತನ್ನು ತಳ್ಳಿಹಾಕುವಂತಿಲ್ಲ, ಹಾಗೆಂದು ಒಪ್ಪಿಕೊಂಡರೆ ಬೀಗ ಎಂದೂ ತೆಗೆಯುವುದಿಲ್ಲ. ಕಾಗುಣಿತವನ್ನು ಕಪ್ಪುಹಲಗೆಯ ಮೇಲೆ ಕಲಿತ ಮಗು ಅದನ್ನು ಬಳಸಬೇಕಾದ್ದು ಪುಸ್ತಕದಲ್ಲಿ. ಆ ಪುಸ್ತಕವನ್ನೇ ದೂರ ಇಟ್ಟರೆ ಕಲಿತ ಅಕ್ಷರವೂ ಕೈಬಿಡುತ್ತದೆ. ಓದು ಬಾರದ ಮಗುವಿಗೇ ಗ್ರಂಥಾಲಯ ಮೊದಲು ಬೇಕು. ಆದರೆ ಯಾವ ಪುಸ್ತಕ, ಯಾರ ಜೊತೆ, ವಾರಕ್ಕೆ ಎಷ್ಟು ಹೊತ್ತು ಎಂಬುದು ಗೊತ್ತಿರಬೇಕು. ಜುಲೈ ಮೊದಲ ವಾರದಿಂದ ನವೆಂಬರ್ ಮಧ್ಯದವರೆಗೆ ದಸರಾ ರಜೆ ಬಿಟ್ಟು 16 ವಾರದ ಕೆಲಸಕ್ಕೆ ಯೋಜನೆ ಹಾಕಿದ್ದು ಈ ಲೆಕ್ಕದ ಮೇಲೆ.

ಮೊದಲ ವಾರ: ಯಾರು ಎಲ್ಲಿ ನಿಂತಿದ್ದಾರೆ

ಪರೀಕ್ಷೆ ಎಂದರೆ ಮಕ್ಕಳು ಹೆದರುತ್ತಾರೆ. ಆದ್ದರಿಂದ ಒಬ್ಬೊಬ್ಬರನ್ನೇ ಜಗಲಿಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಹಾಳೆ ತೋರಿಸಿ ಓದಿಸಿದ್ದು. ಒಂದು ಮಗುವಿಗೆ ಐದರಿಂದ ಏಳು ನಿಮಿಷ, ದಿನಕ್ಕೆ ಆರು ಮಕ್ಕಳು. ಹಾಳೆಯಲ್ಲಿ ಮೂರು ಭಾಗ. ಮೊದಲು ಹತ್ತು ಬಿಡಿ ಅಕ್ಷರ. ಆಮೇಲೆ ಹತ್ತು ಪದ: ಮರ, ಗಿಡ, ಕೊಡೆ, ಕೋಳಿ, ಹಾವು, ಅಂಗಳ, ಹಕ್ಕಿ, ಬೆಲ್ಲ, ಪುಸ್ತಕ, ಸೂರ್ಯ. ಕೊನೆಗೆ ಒಂದು ಪುಟ್ಟ ಗದ್ಯ:

“ಅಜ್ಜಿ ಸಂತೆಗೆ ಹೋದಳು. ಒಂದು ಕಟ್ಟು ಸೊಪ್ಪು ತಂದಳು. ಬುಟ್ಟಿಯನ್ನು ಜಗಲಿಯ ಮೇಲೆ ಇಟ್ಟು ಕೈ ತೊಳೆಯಲು ಹೋದಳು. ಕರು ಬಂದು ಸೊಪ್ಪನ್ನೆಲ್ಲ ತಿಂದಿತು. ಅಜ್ಜಿ ಬಂದು ನೋಡಿ ನಕ್ಕಳು.”

ಓದಿದ ಮೇಲೆ ಎರಡು ಪ್ರಶ್ನೆ. ಅಜ್ಜಿ ಸಂತೆಯಿಂದ ಏನು ತಂದಳು? ಅವತ್ತು ಅಜ್ಜಿ ಏನು ಸಾರು ಮಾಡಿರಬಹುದು? ಮೊದಲನೆಯದಕ್ಕೆ ಉತ್ತರ ಗದ್ಯದಲ್ಲೇ ಇದೆ, ಎರಡನೆಯದಕ್ಕೆ ಇಲ್ಲ. ತಡೆಯಿಲ್ಲದೆ ಓದಿ ಮುಗಿಸಿದ ಒಬ್ಬ ಹುಡುಗ “ಸೊಪ್ಪಿನ ಸಾರು” ಎಂದ. ತಡವರಿಸುತ್ತಾ, ಬೆರಳಿಟ್ಟು ಓದಿದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೊಪ್ಪೇ ಇಲ್ವಲ್ಲ ಮಿಸ್, ಬೇಳೆ ಸಾರು ಮಾಡಿರ್ತಾಳೆ” ಎಂದಳು. ಇಬ್ಬರಿಗೂ ಬೇಕಾದ ಸಹಾಯ ಬೇರೆ ಬೇರೆ. ಬರೀ ವೇಗ ಅಳೆದಿದ್ದರೆ ಹುಡುಗನಿಗೆ ಸಹಾಯವೇ ಬೇಡ ಎಂದಾಗುತ್ತಿತ್ತು.

ವೇಗದ ಬಗ್ಗೆ ಒಂದು ಮಾತು. ಓದು–ಲೆಕ್ಕದ ಬುನಾದಿ ಕಲಿಕೆಗೆಂದು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಗುರಿಯಲ್ಲಿ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಅಳತೆ ಇದೆ. ಕನ್ನಡದಲ್ಲಿ ಪದ ಎಣಿಸುವುದು ಮೋಸದ ಲೆಕ್ಕ. ‘ಮನೆಯಲ್ಲಿದ್ದವರಿಗೆಲ್ಲ’ ಎನ್ನುವುದು ಒಂದು ಪದ, ಒಂಬತ್ತು ಅಕ್ಷರ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಎಂಟು ಪದ ಬೇಕು. ವಿಭಕ್ತಿ, ಬಹುವಚನ, ಕ್ರಿಯೆಯ ಕೊನೆ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಳ್ಳುವ ಭಾಷೆಯಲ್ಲಿ ಮಗು ನಿಮಿಷಕ್ಕೆ ಓದುವ ಅಕ್ಷರ ಎಣಿಸಿದರೆ ಮಾತ್ರ ಎರಡು ಗದ್ಯಗಳನ್ನು ಹೋಲಿಸಬಹುದು. ಈ ಪ್ರಕರಣದಲ್ಲಿ ಅಕ್ಷರವನ್ನೇ ಎಣಿಸಿದ್ದು.

ಇನ್ನೊಂದು ಎಚ್ಚರ. ಒಬ್ಬ ಹುಡುಗ ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಓದಿದ. ತಪ್ಪು ಎಂದು ಗುರುತು ಹಾಕುವ ಮುಂಚೆ “ಹಾಗಂದ್ರೆ ಏನಪ್ಪ?” ಎಂದು ಕೇಳಿದಾಗ “ಆರೋ ಅಕ್ಕಿ ಮಿಸ್, ಮರದ ಮ್ಯಾಲೆ ಕೂರುತ್ತಲ್ಲ” ಎಂದ. ಅವನು ಸರಿಯಾಗಿಯೇ ಓದಿದ್ದಾನೆ. ಮನೆಮಾತಿನಲ್ಲಿ ಹಕಾರ ಇಲ್ಲ, ಅಷ್ಟೇ. ಇದನ್ನು ಓದಿನ ತಪ್ಪಿನ ಪಟ್ಟಿಗೆ ಸೇರಿಸಿ ಪ್ರತಿ ಸಲ ತಿದ್ದಿದರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು ಇರುವ ತರಗತಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ಅಕ್ಷರ ಬಂದರೂ ಪದದ ಅರ್ಥ ಬಂದಿರುವುದಿಲ್ಲ.

ಅಳತೆ ಮುಗಿದಾಗ ತರಗತಿ ಹೀಗೆ ಬಿಚ್ಚಿಕೊಂಡಿತು. ಬಿಡಿ ಅಕ್ಷರವೇ ಪೂರ್ತಿ ಬಾರದವರು 3. ಅಕ್ಷರ ಬಂದು ಕಾಗುಣಿತದಲ್ಲಿ ನಿಂತವರು 7. ಕಾಗುಣಿತ ಬಂದು ಒತ್ತಕ್ಷರದಲ್ಲಿ ನಿಂತವರು 8. ಗದ್ಯವನ್ನು ನಿಧಾನವಾಗಿ ಓದುವವರು 6. ಓದಿ ಅರ್ಥ ಹೇಳುವವರು 4. ‘ಅರ್ಧ ತರಗತಿಗೆ ಓದು ಬಾರದು’ ಎಂಬ ಒಂದೇ ದೂರು ಈಗ ಐದು ಬೇರೆ ಬೇರೆ ಕೆಲಸವಾಯಿತು.

ಕನ್ನಡದ ಅಕ್ಷರ ಎಲ್ಲಿ ಕಾಲು ಹಿಡಿಯುತ್ತದೆ

ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ, ಒಂದೊಂದಕ್ಕೆ ಕಾಗುಣಿತದ 15 ರೂಪ. ಅಲ್ಲಿಗೇ 510 ರೂಪಗಳಾದವು. ಒತ್ತಕ್ಷರ ಇನ್ನೂ ಬಂದಿಲ್ಲ. ಇಷ್ಟನ್ನು ಬರೀ ಬಾಯಿಪಾಠದಿಂದ ದಾಟಿಸಲು ಆಗುವುದಿಲ್ಲ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳುವ ಮಗುವಿಗೆ ನಡುವಿನಿಂದ ‘ಕೊ’ ಒಂದನ್ನೇ ತೋರಿಸಿದರೆ ಮೊದಲಿಂದ ಎಣಿಸಿಕೊಂಡು ಬರುತ್ತದೆ.

ಕಾಗುಣಿತದಲ್ಲಿ ನಿಂತ ಆ ಏಳು ಮಕ್ಕಳ ತಪ್ಪುಗಳನ್ನು ಬರೆದಿಟ್ಟು ನೋಡಿದಾಗ ಅವು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಹೆಚ್ಚಿನವು ಹ್ರಸ್ವ–ದೀರ್ಘದವು. ಅದಕ್ಕೆ ಜೋಡಿ ಪದಗಳೇ ಮದ್ದು: ಬಳೆ–ಬಾಳೆ, ಕರು–ಕಾರು, ಕೊಡು–ಕೋಡು, ಮರಿ–ಮಾರಿ. ಎರಡು ಪದಕ್ಕೂ ಚಿತ್ರ ಬರೆದ ಚೀಟಿ ಇಟ್ಟರೆ, ದೀರ್ಘ ಬಿಟ್ಟರೆ ಅರ್ಥವೇ ಬದಲಾಗುವುದು ಮಗುವಿಗೆ ಕಣ್ಣೆದುರು ಕಾಣುತ್ತದೆ. ಎರಡನೆಯದು ‘ವು’. ‘ಹಾವು’ ಎಂಬಲ್ಲಿ ‘ಹಾಮ’ ಎಂದು ಓದಿದವರು ನಾಲ್ಕು ಮಂದಿ. ಕೊಂಬು ಬೇರೆ ಅಕ್ಷರಗಳಿಗೆ ಬಲಕ್ಕೆ ಅಂಟುತ್ತದೆ, ‘ಪು’, ‘ವು’ಗಳಲ್ಲಿ ಕೆಳಗಿನಿಂದ ಸುತ್ತಿಕೊಂಡು ಬರುತ್ತದೆ. ಹಾಗಾಗಿ ‘ವು’ ನೋಡಲು ‘ಮ’ದಂತೆ ಕಾಣುತ್ತದೆ. ‘ವು’ ಮತ್ತು ‘ಮ’ವನ್ನು ಒಂದರ ಪಕ್ಕ ಒಂದು ಅಂಗೈ ಅಗಲ ಬರೆದು, ಬೆರಳಿನಲ್ಲಿ ತಿದ್ದಿಸಿದ ಮೂರು ದಿನಕ್ಕೆ ಈ ತೊಡಕು ಬಿಟ್ಟಿತು. ತೊಡಕು ಇರುವುದೇ ಇಲ್ಲಿ ಎಂದು ಗುರುತಿಸಿದ್ದೇ ಹೆಚ್ಚಿನ ಕೆಲಸ.

ಒತ್ತಕ್ಷರದವರದು ಬೇರೆ ಕಥೆ. ಬಹುಪಾಲು ಒತ್ತುಗಳು ಮೂಲ ಅಕ್ಷರ ತಲೆಕಟ್ಟು ಕಳಚಿ ಚಿಕ್ಕದಾದಂತೆ ಇರುತ್ತವೆ, ಮಗು ಊಹಿಸಬಲ್ಲದು. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲದ ಮುಖವನ್ನು ಹೋಲುವುದೇ ಇಲ್ಲ. ಆದರೆ ಕತ್ತೆ, ಅನ್ನ, ಅಮ್ಮ, ಅಯ್ಯೋ, ಚಕ್ರ, ಬೆಲ್ಲ ಎಂದು ಎಲ್ಲಕ್ಕಿಂತ ಹೆಚ್ಚು ಸಿಗುವವೂ ಇವೇ. ಈ ಆರನ್ನೇ ಮೊದಲು ಕಲಿಸಬೇಕು. ಪುಸ್ತಕಗಳಲ್ಲಿ ಒತ್ತಕ್ಷರದ ಪಟ್ಟಿ ‘ಕ್ಕ’ದಿಂದ ಶುರುವಾಗುತ್ತದೆಂದು ಅದೇ ಕ್ರಮ ಹಿಡಿದರೆ ಮಗು ನಿಜವಾಗಿ ಮುಗ್ಗರಿಸುವ ಜಾಗಕ್ಕೆ ಬರುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ. ಇಲ್ಲಿಯೂ ಜೋಡಿ ಪದ: ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ, ಎಲೆ–ಎಲ್ಲೆ. ಅರ್ಕಾವತ್ತು ಕೊನೆಗೆ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ‘ರ್’ ಬರೆಯುವಾಗ ಹಿಂದೆ ಹೋಗುತ್ತದೆ. ಎಡದಿಂದ ಬಲಕ್ಕೆ ನಂಬಿಕೆಯಿಂದ ಓದುವ ಮಗು ‘ಸೂಯ್ರ’ ಎಂದರೆ ಅದು ಬರವಣಿಗೆಯ ಸಾಲನ್ನು ಸರಿಯಾಗಿಯೇ ಪಾಲಿಸಿದೆ. “ಈ ಗುರುತು ಹಿಂದೆ ನಿಂತರೂ ಮುಂದೆ ಮಾತಾಡುತ್ತದೆ” ಎಂದು ಹೇಳಿಕೊಡದೆ ಅದಕ್ಕೆ ಗೊತ್ತಾಗುವ ದಾರಿಯಿಲ್ಲ.

ಬೀಗ ಏಕೆ ಬಿದ್ದಿತ್ತು

ಮುಖ್ಯ ಶಿಕ್ಷಕರಿಗೆ ಪುಸ್ತಕದ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ವರ್ಗಾವಣೆಯಾದಾಗ ಚಾರ್ಜ್ ಒಪ್ಪಿಸಬೇಕು, ವಹಿಯಲ್ಲಿರುವ 640 ಪುಸ್ತಕ ಎಣಿಸಿ ತೋರಿಸಬೇಕು, ಒಂದು ಕಡಿಮೆಯಾದರೂ ಪ್ರಶ್ನೆ ಬರುತ್ತದೆ. ಮಕ್ಕಳ ಕೈಗೆ ಕೊಟ್ಟ ಪುಸ್ತಕ ಹರಿಯುತ್ತದೆ, ಕಳೆಯುತ್ತದೆ. ಕೊಡದಿದ್ದರೆ ಯಾರೂ ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳೂ ಸೇರಿದ ಗ್ರಂಥಾಲಯ ಇರಬೇಕು ಎನ್ನುತ್ತದೆ. ಇರಬೇಕು ಎಂದಷ್ಟೇ. ಇದ್ದದ್ದು ಹೊರಗೆ ಬರುವ ದಾರಿಯನ್ನು ಶಾಲೆಯೇ ಮಾಡಿಕೊಳ್ಳಬೇಕು.

ದಾರಿ ಕಾಗದದಲ್ಲೇ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಎರವಲು ಹೋದ ಅಥವಾ ಓದಲು ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಾಗಿರಬಾರದು ಅಷ್ಟೇ ಎಂದು ಬರೆದಿದೆ. ಅದು ಕೇಂದ್ರದ ಇಲಾಖೆಗಳಿಗೆ ಇರುವ ನಿಯಮ, ರಾಜ್ಯದ ಶಾಲೆಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಗ್ರಂಥಾಲಯವೆಂದರೆ ಸ್ವಲ್ಪ ಸವೆತ ಇದ್ದದ್ದೇ ಎಂಬುದನ್ನು ಸರ್ಕಾರವೇ ಒಪ್ಪಿರುವುದಕ್ಕೆ ಅದು ಸಾಕ್ಷಿ. ಇದನ್ನು ಮುಂದಿಟ್ಟು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ನಿರ್ಣಯ ಬರೆಸಿದ್ದು: ಪುಸ್ತಕಗಳನ್ನು ಮಕ್ಕಳಿಗೆ ಮನೆಗೆ ಕೊಡಬೇಕು, ವರ್ಷದ ಕೊನೆಗೆ ಎಣಿಕೆ ಮಾಡಬೇಕು, ಬಳಕೆಯಿಂದ ಹರಿದು ಹೋದ ಮತ್ತು ಕಳೆದ ಪುಸ್ತಕಗಳ ಪಟ್ಟಿಯನ್ನು ಸಭೆಯ ಮುಂದಿಟ್ಟು, ಮೇಲಿನವರ ಅನುಮತಿ ಪಡೆದು ವಹಿಯಿಂದ ತೆಗೆಯಬೇಕು, ಶಿಕ್ಷಕರಿಂದಾಗಲಿ ಮಕ್ಕಳಿಂದಾಗಲಿ ದಂಡ ವಸೂಲಿ ಮಾಡಬಾರದು. ನಿರ್ಣಯದ ಪ್ರತಿಯನ್ನು ದಾಸ್ತಾನು ವಹಿಯ ಮೊದಲ ಪುಟಕ್ಕೇ ಅಂಟಿಸಿದ್ದು. ಅರ್ಧ ಪುಟದ ಈ ಕಾಗದ ಇಲ್ಲದೆ ಮುಂದಿನ ಯಾವ ಕೆಲಸವೂ ಆಗುತ್ತಿರಲಿಲ್ಲ. ದಂಡದ ಸಾಲನ್ನು ಕೈಬಿಡಬೇಡಿ. ಒಬ್ಬ ಕೂಲಿಯವರ ಮಗುವಿಗೆ ಒಮ್ಮೆ ದಂಡ ಹಾಕಿದರೆ, ಮರುದಿನದಿಂದ ಆ ಮನೆಯವರು “ಪುಸ್ತಕ ತರಬೇಡ” ಎನ್ನುತ್ತಾರೆ.

ಬೀರು ಖಾಲಿ ಮಾಡಿ ಎಲ್ಲವನ್ನೂ ಜಮಖಾನದ ಮೇಲೆ ಹರಡಿದಾಗ ನಿಜಸ್ಥಿತಿ ಕಂಡಿತು. ಹಳೆಯ ಪಠ್ಯಪುಸ್ತಕ, ತರಬೇತಿ ಸಾಹಿತ್ಯ, ದೊಡ್ಡವರ ಗ್ರಂಥ ಸೇರಿ 210. ಗೆದ್ದಲು ಹಿಡಿದದ್ದು, ಪುಟ ಉದುರಿದ್ದು 40. ಮಕ್ಕಳಿಗೆ ಆಗುವಂಥವು 390. ಆ 390ರಲ್ಲಿ ಪುಟಕ್ಕೆ ಒಂದೆರಡು ಸಾಲು, ದೊಡ್ಡ ಅಕ್ಷರ, ಚಿತ್ರ ಇರುವವು ಬರೀ 35. ತರಗತಿಯ 18 ಮಕ್ಕಳು ಓದಬಲ್ಲದ್ದು ಈ 35 ಮಾತ್ರ. ಅಲ್ಲಿಗೆ ಶಿಕ್ಷಕಿಯ ದೂರಿನ ಇನ್ನೊಂದು ಅರ್ಧ ಅರ್ಥವಾಯಿತು: ಪುಸ್ತಕ ಕೊಟ್ಟಾಗ ಮಕ್ಕಳು ಓದದೆ ತಿರುವಿ ಹಾಕಿದ್ದು ಆ ಪುಸ್ತಕ ಅವರದಲ್ಲ ಎಂಬ ಕಾರಣಕ್ಕೆ.

ಕೊರತೆ ತುಂಬಿದ್ದು ಮೂರು ಕಡೆಯಿಂದ. ಶಾಲಾ ಶಿಕ್ಷಣಕ್ಕೆ ಸರ್ಕಾರ ಹಣ ಕೊಡುವ ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಲ್ಲಿ ಗ್ರಂಥಾಲಯಕ್ಕೆಂದೇ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 13,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಆ ವರ್ಷದ ಹಣದಲ್ಲಿ ದಪ್ಪ ಪುಸ್ತಕ ಒಂದನ್ನೂ ಕೊಳ್ಳದೆ ತೆಳುವಾದ ಚಿತ್ರಪುಸ್ತಕಗಳನ್ನೇ ತರಿಸಿದ್ದು, ಚೆನ್ನಾಗಿರುವುದನ್ನು ಎರಡೆರಡು ಪ್ರತಿ. ಎರಡನೆಯದು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣ. ಅಲ್ಲಿನ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿವೆ, ಮುಕ್ತ ಪರವಾನಗಿಯಲ್ಲಿವೆ, ಇಳಿಸಿಕೊಂಡು ಮುದ್ರಿಸಬಹುದು. ಮೂರನೆಯದು ಮಕ್ಕಳೇ ಮಾಡಿದ್ದು. ನಾಲ್ಕು ಎ-ಫೋರ್ ಹಾಳೆ ಒಟ್ಟಿಗೆ ಮಡಚಿ ನಡುವೆ ಹೊಲಿದರೆ 16 ಪುಟದ ಪುಸ್ತಕ. ಮಗು ಹೇಳಿದ್ದನ್ನು ಶಿಕ್ಷಕಿ ಅದೇ ಮಾತಿನಲ್ಲಿ ಪುಟಕ್ಕೊಂದು ಸಾಲಿನಂತೆ ಬರೆಯುತ್ತಾರೆ, ಮಗು ಚಿತ್ರ ಬರೆಯುತ್ತದೆ. ‘ನಮ್ಮ ಮೇಕೆ ಕಾಯಿಲೆ ಬಿದ್ದಿದ್ದು’ ಎಂಬ ಪುಸ್ತಕವನ್ನು ಹೇಳಿ ಬರೆಸಿದ ಹುಡುಗ ಬಿಡಿ ಅಕ್ಷರವೂ ಬಾರದ ಮೂವರಲ್ಲಿ ಒಬ್ಬ. ಅವನು ಅದನ್ನು ಮೊದಲು ಬಾಯಿಪಾಠದಿಂದ ‘ಓದಿದ’. ಎರಡನೇ ವಾರ ‘ಮೇಕೆ’ ಎಂಬ ಪದ ಬೇರೆ ಪುಟದಲ್ಲಿ ಎಲ್ಲಿದೆ ಎಂದು ಕೇಳಿದಾಗ ಹುಡುಕಿ ತೋರಿಸಿದ. ಓದು ಶುರುವಾಗುವುದು ಹೀಗೇ. ಬಾಯಿಪಾಠ ಎಂದು ಅದನ್ನು ಕಡೆಗಣಿಸಬಾರದು.

ಜೋಡಿಸುವುದು

ತೆಳು ಪುಸ್ತಕಕ್ಕೆ ಬೆನ್ನು ಇರುವುದಿಲ್ಲ, ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದರೆ ಯಾವುದು ಯಾವುದೆಂದು ತಿಳಿಯದು, ಜಾರಿ ಬಾಗುತ್ತವೆ. ಅವಕ್ಕೆ ರಟ್ಟಿನ ಪೆಟ್ಟಿಗೆಯೇ ಸರಿ: ಮುಂದಿನ ಗೋಡೆಯನ್ನು ಅರ್ಧಕ್ಕೆ ಕತ್ತರಿಸಿ, ರಕ್ಷಾಪುಟ ಮುಂದೆ ಕಾಣುವಂತೆ ನಿಲ್ಲಿಸಿ, ಒಂದು ಪೆಟ್ಟಿಗೆಗೆ 25 ಪುಸ್ತಕ ಮೀರದಂತೆ. ಮೀರಿದರೆ ಮಗು ತಿರುವಿ ನೋಡಲು ಜಾಗ ಸಿಗದೆ ಎಳೆದು ತೆಗೆಯುತ್ತದೆ, ಹರಿಯುವುದು ಅಲ್ಲೇ. ಗೋಡೆಗೆ ನೈಲಾನ್ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ಪುಸ್ತಕ ತೂಗುಹಾಕುವುದು ಅನೇಕ ಶಾಲೆಗಳಲ್ಲಿದೆ. ನೋಡಲು ಚೆಂದ. ಹಗ್ಗ ಮಗುವಿನ ಎದೆಯೆತ್ತರಕ್ಕೆ ಇರಬೇಕು, ವಾರಕ್ಕೊಮ್ಮೆ ಪುಸ್ತಕ ಬದಲಾಗಬೇಕು. ದೊಡ್ಡವರ ತಲೆಯೆತ್ತರಕ್ಕೆ ಕಟ್ಟಿ ವರ್ಷವಿಡೀ ಅದೇ ಪುಸ್ತಕ ಬಿಟ್ಟರೆ ಬಿಸಿಲಿಗೆ ಬಣ್ಣ ಹೋದ ತೋರಣವಾಗುತ್ತದೆ.

ಹಂತ ಗುರುತಿಸಲು ಬಣ್ಣದ ಚೀಟಿ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ರೀಡಿಂಗ್ ಫೌಂಡೇಶನ್ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ಆರು ಹಂತ ಮಾಡಿದೆ. ಈ ಶಾಲೆಗೆ ಪುಸ್ತಕ ಕಡಿಮೆ, ಆದ್ದರಿಂದ ನಾಲ್ಕೇ ಬಣ್ಣ, ಎಲ್ಲಕ್ಕಿಂತ ಸುಲಭದ್ದು ಹಸಿರು. ಚೀಟಿ ಅಂಟಿಸಿದ್ದು ರಕ್ಷಾಪುಟದ ಎಡ ಮೇಲ್ತುದಿಗೆ, ಪೆಟ್ಟಿಗೆಯಲ್ಲಿ ತಿರುವುವಾಗ ಕಾಣುವ ಜಾಗ ಅದು. ಹಂತ ನಿರ್ಧರಿಸಿದ್ದು ನಾಲ್ಕು ಪ್ರಶ್ನೆಯಿಂದ: ಪುಟಕ್ಕೆ ಎಷ್ಟು ಸಾಲು, ಒತ್ತಕ್ಷರ ಎಷ್ಟು ದಟ್ಟ, ಐದು ಅಕ್ಷರ ಮೀರಿದ ಪದ ಎಷ್ಟು, ಚಿತ್ರ ನೋಡಿ ಕಥೆ ಊಹಿಸಲು ಬರುತ್ತದೆಯೇ.

ಮಾಹಿತಿ ಪುಸ್ತಕಗಳನ್ನು ವಿಷಯದ ಚಿತ್ರ ಬರೆದ ಪೆಟ್ಟಿಗೆಗಳಿಗೆ ಹಾಕಿದ್ದು: ಪ್ರಾಣಿ–ಪಕ್ಷಿ, ಗಿಡ–ಮರ, ವಿಜ್ಞಾನ, ದೊಡ್ಡವರ ಬದುಕು, ಪದ್ಯ, ನಾಟಕ. ಕಥೆಪುಸ್ತಕಗಳನ್ನು ಲೇಖಕರ ಹೆಸರಿನಿಂದ ಜೋಡಿಸುವ ಪದ್ಧತಿ ಇಲ್ಲಿ ಕೈಕೊಟ್ಟಿತು. ಪಂಜೆ ಮಂಗೇಶರಾಯರನ್ನು ‘ಪ’ದಲ್ಲಿ ಹುಡುಕಬೇಕೇ ‘ಮ’ದಲ್ಲೇ? ಜಿ. ಪಿ. ರಾಜರತ್ನಂ ‘ಜ’ವೇ ‘ರ’ವೇ? ನಮ್ಮ ಹೆಸರುಗಳಲ್ಲಿ ಮುಂದೆ ಊರು, ತಂದೆ, ಮನೆತನ ಏನೇನೋ ನಿಂತಿರುತ್ತದೆ, ಕಾವ್ಯನಾಮ ಬೇರೆ. ಮನೆತನದ ಹೆಸರು ಕೊನೆಗೆ ಬರುವ ನಾಡಿನ ನಿಯಮವನ್ನು ಒಂಬತ್ತು ವರ್ಷದ ಮಗುವಿಗೆ ಹೇರುವುದು ವ್ಯರ್ಥ. ಶೀರ್ಷಿಕೆಯ ಮೊದಲ ಅಕ್ಷರದಿಂದ ಜೋಡಿಸಿದರೆ ಮಗು ತಾನೇ ಹುಡುಕುತ್ತದೆ, ತಾನೇ ವಾಪಸು ಇಡುತ್ತದೆ. ಕೊನೆಯ ಹತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದು, ಓದುಗರ ಸಮಯ ಉಳಿಸಬೇಕು ಎಂಬುದು. 40 ನಿಮಿಷದ ಪೀರಿಯಡ್ಡಿನಲ್ಲಿ 28 ಮಕ್ಕಳಿದ್ದಾಗ ಆ ಸೂತ್ರದ ಬೆಲೆ ತಿಳಿಯುತ್ತದೆ.

ಪೀರಿಯಡ್ಡಿನೊಳಗೆ

ವಾರಕ್ಕೆ ಎರಡು ಪೀರಿಯಡ್, ಮಂಗಳವಾರ ಮತ್ತು ಶುಕ್ರವಾರ. ಶನಿವಾರ ಇಟ್ಟರೆ ಕಾರ್ಯಕ್ರಮ, ಸಭೆ, ಬೇಗ ಬಿಡುವುದು ಎಂದು ತಪ್ಪುತ್ತಲೇ ಇರುತ್ತದೆ. ಮೊದಲ ಐದು ನಿಮಿಷ ಪುಸ್ತಕ ವಾಪಸು. ಮುಂದಿನ ಹತ್ತು ನಿಮಿಷ ಶಿಕ್ಷಕಿಯ ಗಟ್ಟಿ ಓದು. ಆಮೇಲೆ 15 ನಿಮಿಷ ಗುಂಪಿನ ಓದು, ಉಳಿದ ಹತ್ತು ನಿಮಿಷ ಆಯ್ಕೆ ಮತ್ತು ಬರೆದುಕೊಡುವುದು.

ಗಟ್ಟಿ ಓದು ಎಂದರೆ ಪಾಠ ಅಲ್ಲ. ಪುಸ್ತಕವನ್ನು ಮುಖದ ಪಕ್ಕಕ್ಕೆ, ಪುಟ ಮಕ್ಕಳ ಕಡೆ ತಿರುಗಿಸಿ ಹಿಡಿಯಬೇಕು. ಹಾಗೆ ಓರೆಯಾಗಿ ನೋಡಿ ಓದಲು ಮುಂಚೆಯೇ ಎರಡು ಸಲ ಓದಿಕೊಂಡಿರಬೇಕು. ನಡುವೆ ಎರಡು ಮೂರು ಕಡೆ ನಿಲ್ಲಿಸಿ “ಈಗ ಏನಾಗಬಹುದು?” ಎಂದು ಕೇಳಿದರೆ ಸಾಕು. ಪುಟಪುಟಕ್ಕೂ ಪ್ರಶ್ನೆ ಕೇಳಿದರೆ ಕಥೆ ಸಾಯುತ್ತದೆ. ಮುಗಿದ ಕೂಡಲೇ “ಇದರ ನೀತಿ ಏನು?” ಎಂದು ಕೇಳುವ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಆ ಪ್ರಶ್ನೆ ಬರುತ್ತದೆಂದು ಗೊತ್ತಿರುವ ಮಗು ಕಥೆ ಕೇಳುವುದಿಲ್ಲ, ಉತ್ತರ ಹುಡುಕುತ್ತಾ ಕೂರುತ್ತದೆ.

ಗುಂಪಿನ ಓದಿನಲ್ಲಿ ಕಾಗುಣಿತ, ಒತ್ತಕ್ಷರದ ಗುಂಪುಗಳ ಜೊತೆ ಶಿಕ್ಷಕಿ ಕೂರುತ್ತಾರೆ. ಒಂದೇ ಪುಸ್ತಕ, ಪದದ ಕೆಳಗೆ ಬೆರಳು, ಮೊದಲು ಶಿಕ್ಷಕಿ, ಆಮೇಲೆ ಎಲ್ಲರೂ, ಆಮೇಲೆ ಇಬ್ಬಿಬ್ಬರು. ಮಗು ನಿಂತಲ್ಲಿ ತಕ್ಷಣ ಹೇಳಿಕೊಡಬಾರದು. ಮನಸ್ಸಿನಲ್ಲೇ ಐದು ಎಣಿಸಿ, “ಮೊದಲ ಅಕ್ಷರ ಯಾವುದು? ಚಿತ್ರ ನೋಡು” ಎಂದು ಕೈ ಹಿಡಿಯಬೇಕು. ಉಳಿದವರು ಜೋಡಿಯಾಗಿ ಅಥವಾ ಒಬ್ಬರೇ ಓದುತ್ತಾರೆ. ಬರೆದುಕೊಡುವ ಕೆಲಸ ಏಳನೇ ತರಗತಿಯ ಇಬ್ಬರಿಗೆ. ನೋಟ್‌ಪುಸ್ತಕದಲ್ಲಿ ಮಗುವಿಗೊಂದು ಪುಟ. ದಿನಾಂಕ, ಪುಸ್ತಕದ ಸಂಖ್ಯೆ, ಹೆಸರು, ವಾಪಸಾದ ದಿನ ಇಷ್ಟೇ ಕಾಲಂ. ‘ಕಥೆಯ ಸಾರಾಂಶ ಬರೆ’ ಎಂಬ ಕಾಲಂ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಿದ ವಾರದಿಂದ ಮಕ್ಕಳು ಅತಿ ಚಿಕ್ಕ ಪುಸ್ತಕವನ್ನೇ ಒಯ್ಯುತ್ತಾರೆ.

ಗ್ರಂಥಾಲಯದ ಕೌಶಲವನ್ನು ವಾರಕ್ಕೊಂದರಂತೆ ಇದೇ ಪೀರಿಯಡ್ಡಿಗೆ ಬೆರೆಸಿದ್ದು. ಕೈ ತೊಳೆದು ಮುಟ್ಟುವುದು, ಪುಟವನ್ನು ಮೇಲಿನ ಮೂಲೆ ಹಿಡಿದು ತಿರುಗಿಸುವುದು, ಎಂಜಲು ಹಚ್ಚದಿರುವುದು. ಪುಸ್ತಕ ತೆಗೆದ ಜಾಗಕ್ಕೆ ತನ್ನ ಹೆಸರು ಬರೆದ ರಟ್ಟಿನ ಪಟ್ಟಿ, ಒಂದಡಿ ಉದ್ದ ಮೂರಂಗುಲ ಅಗಲ, ಇಟ್ಟು ಬರುವುದು. ಬೇಡವಾದರೆ ಅಲ್ಲಿಗೇ ವಾಪಸು ಇಡಬಹುದು. ಪರಿವಿಡಿ ನೋಡಿ ಪುಟ ಹುಡುಕುವ ಆಟದಲ್ಲಿ ಯಾರೂ ಎಣಿಸದ ತೊಡಕೊಂದು ಬಂತು. ಕೆಲವು ಹಳೆಯ ಪುಸ್ತಕಗಳಲ್ಲಿ ಪುಟಸಂಖ್ಯೆ ೧, ೨, ೩ ಎಂದು ಕನ್ನಡ ಅಂಕಿಯಲ್ಲಿದೆ, ಮಕ್ಕಳು ಗಣಿತದಲ್ಲಿ ಬಳಸುವುದು 1, 2, 3. ಹತ್ತು ಕನ್ನಡ ಅಂಕಿಯ ಪಟ್ಟಿಯೊಂದನ್ನು ಪೆಟ್ಟಿಗೆಗಳ ಮೇಲೆ ತೂಗುಹಾಕುವವರೆಗೆ ಆ ಆಟ ನಡೆಯಲಿಲ್ಲ.

ನಿಘಂಟು ಇನ್ನೂ ಕಷ್ಟ. ಕೆಳಗಿನ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ ಶುರುವಾಗುವುದು ರ, ಗ, ಸ, ದ, ಅ ಎಂಬ ಕ್ರಮದಲ್ಲಿ. ಓದಿಗೆ ಅದು ಒಳ್ಳೆಯ ದಾರಿ. ಆದರೆ ನಿಘಂಟು ನಿಂತಿರುವುದು ಅ, ಆ, ಇ, ಈ ಕ್ರಮದ ಮೇಲೆ, ‘ಬ’ ಮುಂಚೆಯೋ ‘ಲ’ ಮುಂಚೆಯೋ ಎಂದರೆ ಬಹಳ ಮಕ್ಕಳು ತಬ್ಬಿಬ್ಬಾದರು. ವರ್ಣಮಾಲೆ ಹಾಡಾಗಿ ಹೇಳಿಸಿ, 49 ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುವ ಪೈಪೋಟಿ ಎರಡು ವಾರ ನಡೆಯಿತು. ಆಮೇಲೆ ಮುಖ್ಯವಾದ ಪಾಠ: ಕಥೆಯಲ್ಲಿ ಕಂಡ ಪದ ನಿಘಂಟಿನಲ್ಲಿ ಅದೇ ವೇಷದಲ್ಲಿ ಇರುವುದಿಲ್ಲ. ‘ಮರಗಳಲ್ಲಿ’ ಬೇಕಾದರೆ ‘ಮರ’ ನೋಡಬೇಕು, ‘ಹೋದಳು’ ಬೇಕಾದರೆ ‘ಹೋಗು’, ‘ಬಂದಿತು’ ಬೇಕಾದರೆ ‘ಬರು’, ‘ಕಂಡನು’ ಬೇಕಾದರೆ ‘ಕಾಣು’. ಪದದ ಬಾಲ ಬಿಡಿಸುವ ಈ ಅಭ್ಯಾಸ ಇಲ್ಲದೆ ನಿಘಂಟು ಕೊಟ್ಟರೆ ಮಗು ಹತ್ತು ನಿಮಿಷ ಹುಡುಕಿ “ಇದರಲ್ಲಿ ಇಲ್ಲ ಮಿಸ್” ಎನ್ನುತ್ತದೆ. ಈ ತರಗತಿಯಲ್ಲಿ ಅದು ಹತ್ತು ಮಕ್ಕಳಿಗೆ ಮಾತ್ರ ಒಗ್ಗಿತು, ಉಳಿದವರಿಗೆ ಐದನೇ ತರಗತಿಗೆ ಬಿಟ್ಟದ್ದೇ ಸರಿಯಾಯಿತು.

ಎಲ್ಲಿ ಕೆಟ್ಟಿತು

ನಾಲ್ಕನೇ ವಾರ ಬಣ್ಣದ ಚೀಟಿಯೇ ತೊಂದರೆ ತಂದಿತು. “ಅವನು ಇನ್ನೂ ಹಸಿರು” ಎಂಬ ಮಾತು ಆಟದ ಬಯಲಿಗೆ ಹೋಯಿತು. ಹಸಿರು ಪೆಟ್ಟಿಗೆಯ ಹತ್ತಿರ ಹೋಗಲು ಮೂವರು ನಾಚಿದರು. ತಪ್ಪು ಆಗಿದ್ದು ಇಲ್ಲಿ: ಪುಸ್ತಕಕ್ಕೆ ಬಣ್ಣ ಇರಬೇಕಿತ್ತು, ಶಿಕ್ಷಕಿ ಮಕ್ಕಳ ಹೆಸರಿನ ಮುಂದೆಯೂ ಬಣ್ಣ ಬರೆದು ಗೋಡೆಗೆ ಹಾಕಿದ್ದರು. ಆ ಪಟ್ಟಿ ತೆಗೆದು, ಒಂದು ವಾರಕ್ಕೆ ಎರಡು ಪುಸ್ತಕ ಎಂದು ನಿಯಮ ಬದಲಾಯಿಸಿದ್ದು: ಒಂದು ತಾನೇ ಓದಬಲ್ಲದ್ದು, ಇನ್ನೊಂದು ಯಾವ ಬಣ್ಣದ್ದಾದರೂ ತನಗೆ ಇಷ್ಟವಾದದ್ದು. ದೊಡ್ಡ ಪುಸ್ತಕವನ್ನು ಅಣ್ಣನೋ ಅಕ್ಕನೋ ಓದಿ ಹೇಳಿದರೂ ಆಯಿತು. ಚೆನ್ನಾಗಿ ಓದುವ ನಾಲ್ವರಿಗೆ ಒಂದನೇ ತರಗತಿಗೆ ಹೋಗಿ ಕಥೆ ಓದಿ ಹೇಳುವ ಕೆಲಸ ಕೊಟ್ಟು ಹಸಿರು ಪುಸ್ತಕಗಳನ್ನೇ ಆರಿಸಲು ಹೇಳಿದ ಮೇಲೆ ಆ ಪೆಟ್ಟಿಗೆಯ ಕಳಂಕ ಹೋಯಿತು.

ರಿಪೇರಿ ಇನ್ನೊಂದು. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಿದರೆ ಒಂದೆರಡು ವರ್ಷಕ್ಕೆ ಹಳದಿಗಟ್ಟಿ, ಅಂಟು ಸೋರಿ ಪಕ್ಕದ ಪುಟವನ್ನೂ ಹಿಡಿಯುತ್ತದೆ. ತೆಳು ಕಾಗದದ ಪಟ್ಟಿ ಮತ್ತು ಮೈದಾ ಗಂಜಿ ಒಳ್ಳೆಯದು. ಮೈದಾಗೆ ಹುಳು ಬರದಿರಲಿ ಎಂದು ಬೈಂಡಿಂಗಿನವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಮುಟ್ಟುವ ಗಂಜಿಗೆ ಬೇಡ. ಅವತ್ತಿನ ಗಂಜಿ ಅವತ್ತೇ ಕಾಯಿಸಿ ಮುಗಿಸಿದರಾಯಿತು.

ಒತ್ತಕ್ಷರದ ಗುಂಪಿನ ಒಬ್ಬ ಹುಡುಗಿ ಎಂಟು ವಾರವಾದರೂ ಮುಂದೆ ಹೋಗಲಿಲ್ಲ. ಕಪ್ಪುಹಲಗೆಯ ಮೇಲೆ ‘ಕತ್ತೆ’ ಬರೆದರೆ ‘ಕತೆ’ ಎನ್ನುತ್ತಾಳೆ, ‘ಬಳ್ಳಿ’ ಬರೆದರೆ ‘ಬಳಿ’. ಒಂದು ದಿನ ಗುಂಪಿನ ಓದಿನಲ್ಲಿ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಅದೇ ಪದಗಳನ್ನು ತಡೆಯಿಲ್ಲದೆ ಓದಿದಳು. ತೊಂದರೆ ಒತ್ತಕ್ಷರದ್ದಲ್ಲ, ಕಣ್ಣಿನದು. ಸಾಲಿನ ಕೆಳಗಿನ ಪುಟ್ಟ ಗುರುತುಗಳು ಅವಳಿಗೆ ದೂರದಿಂದ ಕಾಣುತ್ತಲೇ ಇರಲಿಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಕನ್ನಡಕ ಬರುವವರೆಗೆ ಮುಂದಿನ ಸಾಲಿನಲ್ಲಿ ಕೂರಿಸಿದ್ದು. ಬರೀ ಒತ್ತಕ್ಷರ, ಬರೀ ಹಲಗೆಯ ಮೇಲೆ ತಪ್ಪುವ ಮಗುವಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಬೇಕು.

ಹದಿನಾರನೇ ವಾರ ಅದೇ ರೀತಿಯ, ಬೇರೆ ಗದ್ಯದ ಹಾಳೆಯಿಂದ ಮತ್ತೆ ಅಳತೆ. ಅಕ್ಷರದ ಮೂವರಲ್ಲಿ ಇಬ್ಬರು ಕಾಗುಣಿತಕ್ಕೆ ಬಂದಿದ್ದರು. ಒಬ್ಬ ಸುಗ್ಗಿಯ ವಲಸೆಗೆ ಅಪ್ಪ–ಅಮ್ಮನ ಜೊತೆ ಹೋಗಿ ಐದು ವಾರ ತಪ್ಪಿಸಿಕೊಂಡಿದ್ದ, ಹಾಗೇ ಉಳಿದ. ಕಾಗುಣಿತದ ಏಳರಲ್ಲಿ ಐವರು ಸರಳ ಪುಸ್ತಕ ತಾವೇ ಓದುತ್ತಿದ್ದರು. ಒತ್ತಕ್ಷರದ ಗುಂಪು ಬಹುತೇಕ ಕರಗಿತ್ತು. ‘ಸೊಪ್ಪಿನ ಸಾರು’ ಎಂದ ಹುಡುಗನ ವೇಗ ಹೆಚ್ಚೇನೂ ಬದಲಾಗಿರಲಿಲ್ಲ, ಆದರೆ ಈಗ ಓದುವಾಗ ನಡುವೆ ನಿಂತು ಹಿಂದಿನ ಸಾಲು ನೋಡುತ್ತಿದ್ದ. ಅದು ಅಂಕಿಯಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ಸಂತೋಷದ ಬದಲಾವಣೆ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಗಳಿಸಿದ್ದು ಜಾರುವುದು ಆ ಏಳೆಂಟು ವಾರಗಳಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಮಾರ್ಚ್ ತಿಂಗಳಲ್ಲೇ 28 ಮಕ್ಕಳನ್ನೂ ನಡೆಸಿಕೊಂಡು ಹೋಗಿ, ಮೇಲ್ವಿಚಾರಕರ ಪರಿಚಯ ಮಾಡಿಸಿ, ಅಲ್ಲಿ ಯಾವ ಬೀರುವಿನಲ್ಲಿ ಮಕ್ಕಳ ಪುಸ್ತಕ ಇದೆ, ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ ಎಂದು ತೋರಿಸಿ, ಸ್ಥಳದಲ್ಲೇ ಅರ್ಜಿ ತುಂಬಿಸಿದ್ದು. ಪಂಚಾಯಿತಿ ಊರಿನಿಂದ ದೂರ ಇರುವ ಎರಡು ಹಟ್ಟಿಗಳ ಒಂಬತ್ತು ಮಕ್ಕಳಿಗೆ ಅದು ಎಟುಕುವುದಿಲ್ಲ. ಅವರಿಗೆ ಶಾಲೆಯ ಪೆಟ್ಟಿಗೆಯಿಂದ ತಲಾ ನಾಲ್ಕು ಪುಸ್ತಕ, ಸಿಮೆಂಟ್ ಚೀಲದಿಂದ ಹೊಲಿದ ಕೈಚೀಲದಲ್ಲಿ. ಹಟ್ಟಿಯೊಳಗೆ ತಮ್ಮತಮ್ಮಲ್ಲೇ ಬದಲಾಯಿಸಿಕೊಂಡರೆ ಒಂಬತ್ತು ಮಕ್ಕಳ ನಡುವೆ 36 ಪುಸ್ತಕ. ಶಾಲೆ ಶುರುವಾದಾಗ 33 ವಾಪಸು ಬಂದವು. ಒಂದನ್ನು ಮೇಕೆ ತಿಂದಿತ್ತು, ಇನ್ನೆರಡು ಒಬ್ಬಳ ಜೊತೆ ಅಜ್ಜಿಯ ಊರಿಗೆ ಹೋಗಿ ಅಲ್ಲೇ ಉಳಿದವು. ಮೂರನ್ನೂ ಪಟ್ಟಿ ಮಾಡಿ ಎಸ್‌ಡಿಎಂಸಿ ಸಭೆಯ ಮುಂದಿಟ್ಟು, ವಹಿಯಿಂದ ತೆಗೆಯಲು ಅನುಮತಿ ಕೇಳಿ ಪತ್ರ ಕಳಿಸಲಾಯಿತು.